ಟೈಲರಕ್ಕ ಬಾಯಿ ತೆರೆದದ್ದು

ಮೂವತ್ತಾರನೇ ವಯಸ್ಸಿನಲ್ಲಿ ಟೈಲರಕ್ಕ ಕಾಲೇಜಿಗೆ ಸೇರಿದಾಗಲೇ ಬೀದಿಯವರು ಆಡಿಕೊಳ್ಳುವಷ್ಟು ಆಡಿಕೊಂಡು ಮುಗಿಸಿದ್ದರು. ಹಾಗಾಗಿ ಕೊನೆಯ ವರ್ಷ ಈಜು ತಂಡಕ್ಕೆ ಸೇರುತ್ತೇನೆ ಎಂದು ಹೊರಟಾಗ ಅವರ ಬಳಿ ಹೊಸ ಸರಕೇನೂ ಉಳಿದಿರಲಿಲ್ಲ. ಅತ್ತೆಯೊಬ್ಬರೇ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ನಿಂಗೆ ಈಜು ಬರುತ್ತೇನೇ?"

"ಇಲ್ಲ ಅತ್ತೆ."

"ಮತ್ತೆ?"

"ಕಲೀತೀನಿ."

"ಸರಿ, ನಾನೂ ಬರ್ತೀನಿ. ಮುಳುಗಿದ್ರೆ ಕೂಗೋಕೆ ಒಬ್ರಾದ್ರೂ ಬೇಕಲ್ಲ."

ಇಷ್ಟಕ್ಕೆಲ್ಲ ಕಾರಣ ಕಾಲೇಜಿನ ನೋಟೀಸ್ ಬೋರ್ಡು. ಎರಡು ವರ್ಷ ಆಕೆ ಹಿಂದಿನ ಬೆಂಚಿನಲ್ಲಿ ಕೂತು ಓದಿದ್ದಳು. ಹುಡುಗಿಯರು ಒಳ್ಳೆಯವರೇ, ಮರ್ಯಾದೆಗೇನೂ ಕಮ್ಮಿ ಇರಲಿಲ್ಲ. ಆದರೆ ಗುಂಪು ಕಟ್ಟುವಾಗ ಒಬ್ಬರಿಗೂ ಇವಳ ನೆನಪಾಗುತ್ತಿರಲಿಲ್ಲ. ಆಟವಿರಲಿ, ನಾಟಕವಿರಲಿ, "ನೀವು ಆರಾಮಾಗಿ ನೋಡಿ ಆಂಟಿ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವಳು ಮತ್ತೆ ಹಿಂದಿನ ಬೆಂಚಿಗೇ ಹೋಗಿ ಕೂರುತ್ತಿದ್ದಳು. ಹಾಗಿರುವಾಗ ಒಂದು ದಿನ ಬೋರ್ಡಿನಲ್ಲಿ ಕಂಡಿತು: ನಾಲ್ವರು ಸರದಿಯಲ್ಲಿ ಈಜುವ ಹೆಂಗಸರ ರಿಲೇ ತಂಡಕ್ಕೆ ಮೂವರಿದ್ದಾರೆ, ಇನ್ನೊಬ್ಬರು ಬೇಕು. ಇಡೀ ಕಾಲೇಜಿನಲ್ಲಿ ಒಬ್ಬರು ಕಮ್ಮಿ ಬಿದ್ದಿದ್ದ ಜಾಗ ಅದೊಂದೇ. ಬಿಡುವುದುಂಟೇ?

ಕೋಚ್ ಕರಾರು ಹಾಕಿದ. ನಾಲ್ಕು ತಿಂಗಳು ಟೈಮು. ಕೊಳದ ಉದ್ದಕ್ಕೆ ನಾಲ್ಕು ಸಲ, ಒಟ್ಟು ನೂರು ಮೀಟರು, ಎರಡು ನಿಮಿಷದೊಳಗೆ ಈಜಬೇಕು. ಇಲ್ಲವಾದರೆ ಸ್ಪರ್ಧೆಗೆ ತಂಡವನ್ನೇ ಕಳಿಸುವುದಿಲ್ಲ, ನಾಲ್ಕು ಜನರ ಮುಂದೆ ನಗೆಪಾಟಲಾಗುವುದು ಅವನಿಗೆ ಬೇಕಿರಲಿಲ್ಲ.

ಮೊದಲ ತಿಂಗಳು ಏಳೆಂಟು ವರ್ಷದ ಮಕ್ಕಳ ಜೊತೆ, ಸೊಂಟ ಮುಳುಗದ ನೀರಿನಲ್ಲಿ ಕಳೆಯಿತು. ಈಜುಡುಗೆ ಕೊಂಡ ದಿನವೇ ಹೊಲಿಗೆ ಸರಿಯಿಲ್ಲವೆಂದು ಬಿಚ್ಚಿ, ಮತ್ತೆ ಹೊಲಿದುಕೊಂಡು ಬಂದಿದ್ದಳು. ಇಪ್ಪತ್ತು ವರ್ಷ ಮಿಷನ್ ತುಳಿದ ಕಾಲು ನೀರನ್ನು ಬಡಿದರೆ ದಡದಲ್ಲಿದ್ದವರೂ ಒದ್ದೆಯಾಗುತ್ತಿದ್ದರು. ಕೋಚ್ ಖುಷಿಯಾಗಿಬಿಟ್ಟ. ತೊಂದರೆಯಿದ್ದದ್ದು ಉಸಿರಿನಲ್ಲಿ. ತಲೆ ಹೊರಳಿಸಿ ಬಾಯಿಂದ ಗಾಳಿ ಎಳೆದುಕೋ ಎಂದರೆ ಈಕೆ ತುಟಿ ಬಿಗಿದು ಮೂಗಿನಿಂದ ಎಳೆಯುತ್ತಿದ್ದಳು. ನೀರು ನೇರವಾಗಿ ನೆತ್ತಿಗೆ. ದಿನವೂ ಕೆಮ್ಮು, ಸೀನು, ಮಕ್ಕಳ ಕಿಸಕಿಸ ನಗು. ಕೋಚ್ ಹೇಳಿ ಹೇಳಿ ಸೋತ.

ಬೆಂಚಿನ ಮೇಲಿದ್ದ ಅತ್ತೆ ಒಂದು ದಿನ ತಡೆಯಲಾರದೆ ಎದ್ದು ಬಂದರು.

"ಏನಪ್ಪಾ, ಅವಳ ಬಾಯಿ ತೆರೆಯೋದು ನಿನ್ನ ಕೈಲಿ ಆಗಲ್ಲ. ಇಪ್ಪತ್ತು ವರ್ಷದಿಂದ ಅದರ ತುಂಬ ಗುಂಡುಸೂಜಿ ಇದೆ."

ಕೋಚ್ ಗಾಬರಿಯಾಗಿ ಟೈಲರಕ್ಕನ ಬಾಯೊಳಗೆ ಇಣುಕಿದ.

ವಿಷಯ ಇಷ್ಟೇ. ಬಟ್ಟೆಗೆ ಚುಚ್ಚುವ ಗುಂಡುಸೂಜಿಗಳನ್ನೆಲ್ಲ ತುಟಿಯಲ್ಲಿ ಕಚ್ಚಿಕೊಂಡೇ ಕೆಲಸ ಮಾಡುವುದು ಅವಳ ರೂಢಿ. ಬಾಯಿ ತೆರೆದರೆ ಸೂಜಿ ಒಳಗೆ ಹೋದೀತೆಂಬ ಭಯ ಮೈಗೆ ಹತ್ತಿಬಿಟ್ಟಿತ್ತು. ಕೊಳದಲ್ಲಿ ಸೂಜಿಯಿಲ್ಲವೆಂದು ತಲೆಗೆ ಗೊತ್ತಿತ್ತು, ತುಟಿಗೆ ಗೊತ್ತಿರಲಿಲ್ಲ.

ಮರುದಿನವೇ ಸೂಜಿಗಳು ಮಣಿಕಟ್ಟಿಗೆ ಕಟ್ಟಿದ ಪುಟ್ಟ ದಿಂಬಿಗೆ ವರ್ಗವಾದವು. ಕೆಲಸದ ಹೊತ್ತಿನಲ್ಲಿ ಮೊದಲ ಸಲ ಬಾಯಿ ಖಾಲಿಯಾಯಿತು. ಖಾಲಿ ಬಾಯಿ ಸುಮ್ಮನಿರುತ್ತದೆಯೇ? ಬ್ಯಾಂಕಿನ ಮ್ಯಾನೇಜರು ಹೊಸ ಕೋಟು ಹೊಲಿಸಲು ಬಂದು, "ಹೋದ ವರ್ಷದ ಅಳತೆನೇ ಇರ್ಲಿ" ಎಂದರು. ಹಿಂದೆಲ್ಲ ಟೈಲರಕ್ಕ ಸೂಜಿಗಳ ಸಂದಿಯಿಂದಲೇ "ಹೂಂ" ಎಂದು, ಗುಟ್ಟಾಗಿ ಎರಡಿಂಚು ಜಾಸ್ತಿ ಬಿಡುತ್ತಿದ್ದಳು. ಈಗ ಹೇಳಿಯೇಬಿಟ್ಟಳು: "ಹೋದ ವರ್ಷದ ಹೊಟ್ಟೆ ತಂದಿದ್ರೆ ಹಂಗೇ ಹೊಲೀತಿದ್ದೆ ಸಾರ್."

"ಈಜೋಕೆ ಬಾಯಿ ತೆಗಿ ಅಂದ್ರೆ ಅಂಗಡಿ ಮುಚ್ಸೋಕೆ ತೆಗೀತಿದಾಳೆ!" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಮ್ಯಾನೇಜರು ಒಂದು ವಾರ ಮುನಿಸಿಕೊಂಡಿದ್ದು ಮತ್ತೆ ಬಂದರು. ಅವರ ಹೊಟ್ಟೆಯ ಸತ್ಯ ಬಲ್ಲವಳು ಇವಳೊಬ್ಬಳೇ.

ಬಾಯಿ ಸಡಿಲಾದಂತೆ ಉಸಿರೂ ಸಡಿಲಾಯಿತು. ಮೂರನೇ ತಿಂಗಳಿಗೆ ಒಂದು ಉದ್ದ, ಆಮೇಲೆ ಎರಡು. ನಾಲ್ಕನೇ ತಿಂಗಳ ಕೊನೆಗೆ ಪರೀಕ್ಷೆಯ ದಿನ ಬಂತು. ತಂಡದ ಮೂವರು ಹುಡುಗಿಯರೂ ದಡದಲ್ಲಿ ನಿಂತಿದ್ದರು.

ಮೊದಲೆರಡು ಉದ್ದ ಸಲೀಸಾಗಿ ಹೋದವು. ಮೂರನೆಯದರಲ್ಲಿ ತೋಳು ಕಲ್ಲಾಯಿತು. ನಾಲ್ಕನೆಯದರಲ್ಲಿ ಟೈಲರಕ್ಕ ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದು, ಯಾರೂ ಬಾರದಿದ್ದಾಗ ತಾನೇ ಕಾಲು ಬಡಿದು ಗೋಡೆ ಮುಟ್ಟಿದಳು.

ಕೋಚ್ ಗಡಿಯಾರ ನೋಡಿ ಮುಖ ಸಣ್ಣದು ಮಾಡಿಕೊಂಡ.

"ಎರಡು ನಿಮಿಷ, ಒಂಬತ್ತು ಸೆಕೆಂಡು."

ಟೈಲರಕ್ಕ ಗೋಡೆಯ ಅಂಚನ್ನು ಹಿಡಿದುಕೊಂಡೇ ಇದ್ದಳು. ಇದು ಅವಳಿಗೆ ಕಾಲೇಜಿನ ಕೊನೆಯ ವರ್ಷ, ಇನ್ನೊಂದು ಅವಕಾಶವೆಂಬುದೇ ಇಲ್ಲ. ಅಳು ಬಂತು. ಒದ್ದೆ ಮುಖದಲ್ಲಿ ಗೊತ್ತಾಗುವುದಿಲ್ಲವೆಂದು ಅತ್ತಳು ಕೂಡ.

ಮೂವರಲ್ಲಿ ಎತ್ತರದವಳು ಮುಂದೆ ಬಂದಳು. "ಎರಡು ನಿಮಿಷ ಅನ್ನೋದು ಯಾರ ರೂಲು ಸಾರ್?"

"ನಂದೇ."

"ಹಂಗಾದ್ರೆ ಒಂಬತ್ತು ಸೆಕೆಂಡು ನಾವು ಹಂಚ್ಕೋತೀವಿ. ಸ್ಪರ್ಧೆಗೆ ಇನ್ನು ಹದಿನೈದು ದಿನ ಇದೆಯಲ್ಲ, ಅಷ್ಟರಲ್ಲಿ ಒಬ್ಬೊಬ್ರೂ ಮೂರು ಸೆಕೆಂಡು ಕಮ್ಮಿ ಮಾಡ್ತೀವಿ." ಆಮೇಲೆ ನೀರಿನ ಕಡೆ ಬಗ್ಗಿದಳು. "ಪಾಪ ಅಂತ ಅಲ್ಲ ಆಂಟಿ. ನೀವಿಲ್ಲ ಅಂದ್ರೆ ನಾವು ಮೂವರೂ ದಡದಲ್ಲೇ."

ಕೋಚ್ ಮೂವರ ಮುಖವನ್ನೂ ನೋಡಿದ. ಕಿವಿ ಕೆರೆದುಕೊಂಡು, "ಆಯ್ತು, ತಲಾ ಮೂರು" ಎಂದ.

"ಬೇಡ," ಎಂದಳು ಟೈಲರಕ್ಕ, ಇನ್ನೂ ಏದುಸಿರು ಬಿಡುತ್ತಲೇ.

ಎಲ್ಲರೂ ತಿರುಗಿದರು. ಅತ್ತೆ ಬೆಂಚಿನಿಂದ ಅರ್ಧ ಎದ್ದರು.

"ತಂಡದಲ್ಲಿ ನಾಲ್ಕು ಜನ ಅಲ್ವಾ? ನಾಲ್ಕು ಭಾಗ ಮಾಡಿ. ನನ್ನನ್ನೂ ಸೇರಿಸಿ."

ಕೋಚ್ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ. ಕಾಲಿಂಚು ಅರ್ಧ ಇಂಚಿನಲ್ಲೇ ಬದುಕಿದವಳಿಗೆ ಬೆರಳು ಬೇಕಿರಲಿಲ್ಲ.

"ತಲಾ ಎರಡೂಕಾಲು," ಎಂದಳು. ಹುಡುಗಿಯರು ಮೂವರೂ ಒಟ್ಟಿಗೆ ನೀರಿಗೆ ಹಾರಿದರು.