ಕಳೆ ಔಷಧಿ ತಿನ್ನುವವರು

ನನ್ನ ಅಣ್ಣ ಮುನಿರಾಜು ಏನನ್ನೂ ದಂಡ ಮಾಡುವವನಲ್ಲ. ಮುಸುಕಿನ ಜೋಳಕ್ಕೆ ಕಳೆ ಔಷಧಿ ಹೊಡೆದ ಮೇಲೆ ಕ್ಯಾನಿನಲ್ಲಿ ಅರ್ಧ ಉಳಿದಿತ್ತಂತೆ. ಚೆಲ್ಲಲು ಮನಸ್ಸು ಬರಲಿಲ್ಲ. ಪಕ್ಕದಲ್ಲೇ ನಾಟಿಗೆ ಕಾದಿದ್ದ ಅತ್ತಿಗೆಯ ಅರ್ಧ ಎಕರೆಗೆ ಧಾರಾಳವಾಗಿ ಹೊಡೆದು ಬಂದ. ಅತ್ತಿಗೆಯನ್ನು ಒಂದು ಮಾತು ಕೇಳಿದನೇ? (ಕೇಳಿದ್ದರೆ ನನಗೆ ಈ ವಾರ ಬರೆಯಲು ಏನೂ ಇರುತ್ತಿರಲಿಲ್ಲ.)

ಅತ್ತಿಗೆ ರತ್ನಮ್ಮ ದೇವರಾಯಸಮುದ್ರದ ನಮ್ಮ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಅಣ್ಣ ಹೇಳಿದ್ದನ್ನೇ ಬೆಳೆದವರು. ಈ ಸಲ ಹಟ ಹಿಡಿದು ಅರ್ಧ ಎಕರೆ ತಮ್ಮ ಕೈಗೆ ತೆಗೆದುಕೊಂಡಿದ್ದರು. ತಮ್ಮಿಷ್ಟದ ಟೊಮೆಟೊ, ತಾವೇ ಆರಿಸಿ ತಂದ ಸಸಿ. ನಾಟಿ ಮಾಡಿದ ದಿನ ಕೋಲಾರದಲ್ಲಿರುವ ನನಗೆ ವಿಡಿಯೊ ಕಾಲ್ ಮಾಡಿ ಸಾಲುಗಳನ್ನೆಲ್ಲ ತೋರಿಸಿದ್ದರು.

ಎರಡು ವಾರಕ್ಕೆ ಇನ್ನೊಂದು ಕಾಲ್ ಬಂತು. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಸುಟ್ಟಂತೆ ಒಣಗುತ್ತಿದ್ದವು. ಭಾನುವಾರ ಹೋಗಿ ನೋಡಿದೆ.

"ವೈರಸ್ ಕಣೇ. ನರ್ಸರಿಯವ್ನು ಮೋಸ ಮಾಡ್ಬಿಟ್ಟ," ಎಂದ ಅಣ್ಣ.

ಅತ್ತಿಗೆ ಅವನ ಮುಖವನ್ನೇ ನೋಡಿದರು. "ನನ್ನ ಹೊಲಕ್ಕೆ ಏನಾದ್ರೂ ಹೊಡೆದ್ರಾ?"

ಅಣ್ಣ ಆಕಾಶ ನೋಡಿದ. ಕರೆಂಟ್ ಕಂಬ ನೋಡಿದ. ಕೊನೆಗೆ, "ಉಳಿದಿತ್ತು... ಸ್ವಲ್ಪ ಗರಿಕೆ ಇತ್ತಲ್ಲಾಂತ..." ಎಂದ.

ಅತ್ತಿಗೆ ಬೈಯಲಿಲ್ಲ. ಒಂದು ಸಸಿ ಕಿತ್ತು ಅವನ ಕೈಗಿಟ್ಟು ಒಳಗೆ ಹೋದರು. ಅವತ್ತಿನಿಂದ ಆ ಮನೆಯಲ್ಲಿ ಅಣ್ಣನಿಗೆ ಕೇಳಿಸುತ್ತಿದ್ದುದು ಒಂದೇ ಮಾತು. "ಊಟಕ್ಕೆ ಬನ್ನಿ."

ಇಂಥ ಹೊತ್ತಿನಲ್ಲಿ ಹೈಸ್ಕೂಲ್ ವಿಜ್ಞಾನದ ಮೇಡಂ ಸುಮ್ಮನಿರಲು ಸಾಧ್ಯವೇ? ಜಗುಲಿಯ ಮೇಲೆ ಕೂತು ಪಾಠ ಶುರು ಮಾಡಿದೆ. ಈ ಔಷಧಿ ಜೋಳಕ್ಕೆ ಏನೂ ಮಾಡದು, ಟೊಮೆಟೊಗೆ ಆಗದು. ಆದರೆ ಇದನ್ನೇ ಊಟ ಮಾಡುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿವೆ. ತುಂಡು ತುಂಡು ಮಾಡಿ, ಅದರಲ್ಲಿರುವ ಸಾರಜನಕವನ್ನು ತಾವು ತಿಂದು, ವಿಷವನ್ನು ಸಪ್ಪೆ ಮಾಡಿಬಿಡುತ್ತವೆ. ಎಂಥ ಅದ್ಭುತ!

ಅಣ್ಣನ ಕಿವಿಗೆ ಅರ್ಧ ಬಿತ್ತು. "ಎಲ್ಲಿ ಸಿಗುತ್ತೆ ಅದು?"

ನಾನಾದರೂ ಬೇಡ ಅನ್ನಬೇಕಿತ್ತು. ಅವನ ಬೈಕ್ ಹತ್ತಿ ನಂಗಲಿಗೆ ಹೋದೆ. ಗೊಬ್ಬರದಂಗಡಿಯ ಮೇಲಿನ ಶೆಲ್ಫಿನಲ್ಲಿ ಕಳೆ ಔಷಧಿ, ಕೆಳಗಿನ ಶೆಲ್ಫಿನಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಾ. ಎಂಥ ದೂರದೃಷ್ಟಿ! ಬಾಟಲಿಯ ಹಳೇ ತಾರೀಖಿನ ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿತ್ತು. ತಗಡಿನ ಸೂರಿನಡಿ ಬೆಂದು ಬಾಟಲಿ ಟೀ ಲೋಟದಷ್ಟು ಬಿಸಿಯಾಗಿತ್ತು.

"ಇದರೊಳಗಿರೋವು ಬದುಕಿವೆಯೇನ್ರಿ?" ಎಂದು ಕೇಳಿದೆ.

"ಏಂ ಪರ್ವಾಲೇದು ಮೇಡಂ, ಏನೂ ಯೋಚ್ನೆ ಬೇಡ, ಫುಲ್ ಗ್ಯಾರಂಟಿ," ಎಂದರು ಅಂಗಡಿಯವರು. ಗ್ಯಾರಂಟಿ ಬದುಕಿರುವುದಕ್ಕೋ ಸತ್ತಿರುವುದಕ್ಕೋ ಹೇಳಲಿಲ್ಲ.

ಅಕಸ್ಮಾತ್ ಒಂದೆರಡು ಬದುಕಿದ್ದರೂ ಅಣ್ಣ ಬಿಡಬೇಕಲ್ಲ? ಎರಡೆರಡು ಸಲ ಯಾಕೆ ಓಡಾಡುವುದು ಎಂದು ಬಾಟಲಿ ಕಲಸಿದ ಡ್ರಮ್ಮಿಗೇ ಬೂಷ್ಟು ರೋಗಕ್ಕೆ ಹೊಡೆಯುವ ತಾಮ್ರದ ಔಷಧಿಯನ್ನೂ ಸುರಿದು ಕಲಕಿ ಹೊಲಕ್ಕೆ ಬಿಟ್ಟ. ರೋಗದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಔಷಧಿ ಅದು. ನೆಂಟರನ್ನು ಊಟಕ್ಕೆ ಕರೆದು ಬಾಗಿಲಲ್ಲೇ ಕತೆ ಮುಗಿಸಿದ ಹಾಗಾಯಿತು. ಉಳಿದ ಸಸಿಗಳೂ ಒಣಗಿದವು. ಅತ್ತಿಗೆಯ ಮೊದಲ ಬೆಳೆ ಅಲ್ಲಿಗೆ ಮುಗಿಯಿತು.

ಮತ್ತೆ ಊರಿಗೆ ಹೋದ ಸಂಜೆ ನನಗೆ ಕಾಫಿ ಕೊಡುತ್ತಾ ಅತ್ತಿಗೆ ಕೇಳಿದರು. "ಅಲ್ಲ ಸರಳಾ, ಅವು ಮಣ್ಣಲ್ಲೇ ಇವೆ ಅಂದ್ಯಲ್ಲ? ಮತ್ತೆ ಬಾಟ್ಲಿ ತರೋಕೆ ಯಾಕೆ ಹೋದೆ?"

ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹೀಗೆ ಬೆಂಚಿನ ಮೇಲೆ ನಿಲ್ಲಿಸಿರಲಿಲ್ಲ.

"ಅವಕ್ಕೇನು ಬೇಕು, ಅದು ಹೇಳು."

"ತೇವ, ಗಾಳಿ, ಗೊಬ್ಬರ. ಆಮೇಲೆ ಟೈಮು."

ಅತ್ತಿಗೆ ಟೈಮು ಕೊಟ್ಟರು. ಕೊಟ್ಟಿಗೆ ಗೊಬ್ಬರ ಹರಡಿ ಉಳುಮೆ ಮಾಡಿಸಿದರು. ನೆಲ ಒಣಗದಂತೆ ಹದವಾಗಿ ನೀರು ಬಿಟ್ಟರು. ವಿಷ ಇನ್ನೂ ಇದೆಯೇ ಎಂದು ನೋಡಲು ಆಗಾಗ ಹೊಲದ ನಾಲ್ಕು ಕಡೆಯಿಂದ ಮಣ್ಣು ತಂದು ಹಳೇ ಪೇಂಟ್ ಡಬ್ಬಿಗಳಿಗೆ ತುಂಬಿ ಸೌತೆ ಬೀಜ ಹಾಕಿದರು. ಮೊದಲ ಸಲ ಮೊಳೆತದ್ದೆಲ್ಲ ಹಳದಿಯಾಗಿ ಸತ್ತಿತು. ಎರಡನೇ ಸಲ ಅರ್ಧ ಉಳಿಯಿತು. ಅಣ್ಣ ದೂರದಿಂದ ಬಗ್ಗಿ ನೋಡಿ, "ಸಾಕಲ್ವೇನೇ? ನಾಟಿ ಮಾಡ್ಬೋದಲ್ಲ?" ಎಂದ. "ಊಟಕ್ಕೆ ಬನ್ನಿ," ಎಂದರು ಅತ್ತಿಗೆ. ನಾಲ್ಕನೇ ಸಲ ನಾಲ್ಕೂ ಡಬ್ಬಿಗಳಲ್ಲಿ ಹಸಿರು ನಿಂತಿತು. ಅವತ್ತು ಬೆಳಿಗ್ಗೆಯೇ ನನಗೆ ಫೋನ್ ಮಾಡಿದರು. "ತಿಂದು ಮುಗಿಸಿವೆ ಕಣೇ!"

ಟೊಮೆಟೊ ಬಂತು. ಊರೇ ಬೆರಗಾಗುವಂತೇನಲ್ಲ, ಅಚ್ಚುಕಟ್ಟಾಗಿ ಬಂತು. ಅಣ್ಣ ಮಾತ್ರ ತಾನೇ ಮಣ್ಣನ್ನು ಸೃಷ್ಟಿಸಿದವನಂತೆ ಓಡಾಡತೊಡಗಿದ. ಹೋದ ವಾರ ಮುಳಬಾಗಿಲಿನಲ್ಲೊಂದು ರೈತರ ಸಭೆ. 'ಮಣ್ಣಿನ ಆರೋಗ್ಯ' ಕುರಿತು ಮಾತನಾಡಲು ಅಣ್ಣನಿಗೇ ಕರೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೊರಳಲ್ಲಿ ಸೇವಂತಿಗೆ ಹಾರ. "ಕಣ್ಣಿಗೆ ಕಾಣದ ಜೀವಿಗಳನ್ನು ನಾವು ಗೌರವಿಸಬೇಕು," ಎಂದು ಮೈಕಿನಲ್ಲಿ ಗುಡುಗಿದ. ಭಾರೀ ಚಪ್ಪಾಳೆ. ಅತ್ತಿಗೆಗೆ ಕರೆ ಇರಲಿಲ್ಲ, ಆ ಹೊತ್ತಿನಲ್ಲಿ ಅವರು ಹೊಲದಲ್ಲಿ ಕೂತು ಕೈಯಿಂದ ಕಳೆ ಕೀಳುತ್ತಿದ್ದರು.

ನನಗೊಂದು ಸಣ್ಣ ಅನುಮಾನ. ನಮ್ಮ ಮಣ್ಣಿನಲ್ಲಿ ಕೆಲಸ ಮಾಡುತ್ತಾ ಯಾರ ಕಣ್ಣಿಗೂ ಕಾಣದಿರುವುದು ಬ್ಯಾಕ್ಟೀರಿಯಾ ಮಾತ್ರವೇ?