ಗೂಡು ಕಟ್ಟದ ಇಲಿಗಳು ಮತ್ತು ಇಲಿಯಕ್ಕ

ಬೆಳಗಿನ ಆರಕ್ಕೆ ಕಿಟಕಿಯಿಲ್ಲದ ಆ ಕೋಣೆಯಲ್ಲಿ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಹೊರಗೆ ಸರಿಯಾಗಿ ಬೆಳಕು ಹರಿಯುವ ಮೊದಲೇ ಇಲ್ಲಿನ ಇಲಿಗಳಿಗೆ ಬೆಳಗಾಗುತ್ತದೆ. ಗೌನು, ಟೊಪ್ಪಿಗೆ, ಎರಡು ಜೋಡಿ ಕೈಗವಸು ತೊಟ್ಟ ಹೆಂಗಸೊಬ್ಬರು ಮೊದಲ ಪಂಜರ ಎಳೆದು, ಕಂದು ಇಲಿಯೊಂದನ್ನು ಅಂಗೈ ಮೇಲೆ ಕೂರಿಸಿಕೊಂಡು ನಾಲ್ಕೂ ಪಾದ ನೋಡುತ್ತಾರೆ. "ಎಡಗಾಲು ಊದಿದೆಯಲ್ಲೇ, ನೋವಾ?" ಎಂದು ಕೇಳಿ, ಪುಸ್ತಕದಲ್ಲಿ 'ಎರಡು' ಎಂದು ಬರೆಯುತ್ತಾರೆ. ಸೊನ್ನೆಯೆಂದರೆ ಪಾದ ನೆಟ್ಟಗಿದೆ, ನಾಲ್ಕೆಂದರೆ ನೆಲಕ್ಕೆ ಊರಲೂ ಆಗದು.

ಈ ಸಂಶೋಧನಾಲಯದಲ್ಲಿ ಎಲ್ಲರಿಗೂ ಅವರು ಇಲಿಯಕ್ಕ. ಒಂಬತ್ತನೇ ತರಗತಿಯ ಓದು, ಹತ್ತೊಂಬತ್ತು ವರ್ಷದ ಸೇವೆ. ದಿನಕ್ಕೆ ಇನ್ನೂರ ಹನ್ನೆರಡು ಪಂಜರ, ಅಷ್ಟೇ ನೀರಿನ ಬಾಟಲಿ, ವಾರಕ್ಕೆರಡು ಸಲ ಹೊಸ ಹಾಸು, ಗೂಡು ಕಟ್ಟಿಕೊಳ್ಳಲು ಪಂಜರಕ್ಕೊಂದು ಹತ್ತಿಯ ಬಿಲ್ಲೆ. ವಾಸನೆಗೆ ಇಲಿಗಳು ಬೆದರುತ್ತವೆಂದು ಘಮಘಮಿಸುವ ಸಾಬೂನು ಹಚ್ಚುವಂತಿಲ್ಲ. ಗೌನು, ಕೈಗವಸು ತೊಟ್ಟರೂ ಅವರ ಮೂಗು ಸೋರುವುದು ನಿಲ್ಲದು, ಮುಂಗೈ ತುರಿಕೆ ತಪ್ಪದು. "ಇಲಿಯಕ್ಕಂಗೆ ಇಲಿನೇ ಆಗಿಬರಲ್ಲ. ಹೇಳಿದ್ರೆ ಜನ ನಗ್ತಾರೆ" ಎಂದು ತಾವೇ ನಗುತ್ತಾರೆ.

ಈ ಇಲಿಗಳ ಕಾಯಿಲೆ ಮನುಷ್ಯರಿಗೂ ಬರುವಂಥದ್ದೇ. ದೇಹವನ್ನು ಕಾಯಬೇಕಾದ ರಕ್ಷಣಾ ಕೋಶಗಳು ಸ್ವಂತ ಕೀಲುಗಳ ಮೇಲೆಯೇ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ಅವುಗಳನ್ನು ಸುಮ್ಮನಾಗಿಸುವ ಉಪಾಯ ಅವುಗಳೊಳಗೇ ಇದೆ. ಕೋಶಕೇಂದ್ರದ ಗ್ರಾಹಕಗಳು ಎಂದು ಅದಕ್ಕೆ ಹೆಸರು. ಹಾರ್ಮೋನೊಂದು ಕೋಶದೊಳಗೆ ನುಸುಳಿ ಇಂಥ ಗ್ರಾಹಕವನ್ನು ಹಿಡಿದರೆ, ಗ್ರಾಹಕವು ಕೆಲವು ಜೀನುಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಸ್ಟೀರಾಯ್ಡ್ ಗುಳಿಗೆ ಊತ ಇಳಿಸುವುದೂ ಇದೇ ದಾರಿಯಲ್ಲಿ. ಆದರೆ ಅದು ಮುಖ ಊದಿಸುತ್ತದೆ, ಮೂಳೆ ಸವೆಸುತ್ತದೆ. ಆ ಕಾಟವಿಲ್ಲದೆ ಇನ್ನೊಂದು ಗ್ರಾಹಕದ ಮೂಲಕ ಕೆಲಸ ಮಾಡುವ ಔಷಧಿಗಾಗಿ ಇಲ್ಲಿನ ಯುವ ಸಂಶೋಧಕಿ ಆರು ವರ್ಷದಿಂದ ಹೆಣಗುತ್ತಿದ್ದಾರೆ.

ಇಲಿಯಕ್ಕನಿಗೆ ಇದು ಬರೀ ನೌಕರಿಯಲ್ಲ. ಮನೆಯಲ್ಲಿರುವ ತಂಗಿಗೂ ಇದೇ ಕಾಯಿಲೆ. ಬೆಳಿಗ್ಗೆ ಹತ್ತರವರೆಗೆ ಬೆರಳು ಮಡಚಲಾಗದ ತಂಗಿಗೆ ತಲೆ ಬಾಚಿ, ಜಡೆ ಹಾಕಿಯೇ ಅಕ್ಕ ಕೆಲಸಕ್ಕೆ ಹೊರಡುವುದು. ಎಂಟು ವರ್ಷದ ಸ್ಟೀರಾಯ್ಡಿಗೆ ತಂಗಿಯ ಸೊಂಟದ ಮೂಳೆ ಬಿರುಕು ಬಿಟ್ಟಿದೆ. ಹೋದ ವರ್ಷ ಹೊಸ ಔಷಧಿ ಕುಡಿದ ಇಲಿಗಳ ಪಾದದ ಊತ ಅರ್ಧಕ್ಕರ್ಧ ಇಳಿದಾಗ ಇಲಿಯಕ್ಕ ಮನೆಗೆ ಓಡಿದ್ದರು. "ನಿಂಗೂ ಬರುತ್ತೆ ಕಣೇ ಅಂದುಬಿಟ್ಟೆ. ಅವತ್ತು ಅವಳು ಎರಡು ತುತ್ತು ಜಾಸ್ತಿ ಉಂಡಳು."

ಆಮೇಲೊಂದು ದಿನ ಹಾಸು ಬದಲಿಸುವಾಗ ಅವರ ಕೈ ನಿಂತಿತು. ಔಷಧಿ ಕುಡಿದ ಇಲಿಗಳ ಪಂಜರಗಳೆಲ್ಲ ಒಂದೇ ಕಪಾಟಿನಲ್ಲಿದ್ದವು; ಅವುಗಳಲ್ಲಿ ಹತ್ತಿ ಕೊಟ್ಟ ಹಾಗೇ ಬಿದ್ದಿತ್ತು. ಅದೇ ಕಪಾಟಿನ ಕೊನೆಯಲ್ಲಿದ್ದ, ಔಷಧಿಯ ಹನಿಯನ್ನೂ ಕಾಣದ ಪಂಜರದಲ್ಲೂ ಅದೇ ಕತೆ; ಬೇರೆ ಕಪಾಟುಗಳಲ್ಲಿ ಮಾತ್ರ ಗೂಡುಗಳಿದ್ದವು. "ಹಾಯಾಗಿರೋ ಇಲಿ ಹತ್ತಿ ಹರಿದು ಗೂಡು ಕಟ್ಟುತ್ತೆ. ಹೆದರಿದ್ದು ಕಟ್ಟಲ್ಲ" ಎನ್ನುತ್ತಾರೆ. ಪ್ರಯೋಗ ಶುರುವಾಗುವ ಹೊತ್ತಿಗೇ ಆ ಕಪಾಟಿನ ಹಿಂದಿನ ಗೋಡೆಯಾಚೆ ಪಂಜರ ತೊಳೆಯುವ ಹೊಸ ಯಂತ್ರ ಬಂದಿತ್ತು. ನಮ್ಮ ಕಿವಿಗೆ ತಾಗದ ಅದರ ಕೀರಲು ಸದ್ದು ಇಲಿಗಳ ಜೀವ ಹಿಂಡುತ್ತಿತ್ತು. ಭಯವಾದಾಗ ಮೈಯಲ್ಲಿ ಹುಟ್ಟುವ ಹಾರ್ಮೋನು ಸ್ಟೀರಾಯ್ಡ್ ಗುಳಿಗೆಯ ಒಡಹುಟ್ಟು; ಅದು ಹಿಡಿಯುವುದೂ ಅದೇ ಗ್ರಾಹಕವನ್ನು. ಊತ ಇಳಿಸಿದ್ದು ಔಷಧಿಯೋ, ಭಯವೋ?

"ಔಷಧಿದೆಲ್ಲ ಒಂದೇ ಕಪಾಟಲ್ಲಿಡಿ, ಅದಲುಬದಲಾಗಲ್ಲ ಅಂತ ಹೇಳಿದ್ದೇ ನಾನು. ತಪ್ಪು ನಂದೇ" ಎನ್ನುತ್ತಾರೆ. ಮೂರು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ತಂಗಿಯ ಆಸೆ ಮಣ್ಣುಪಾಲು. ಹೇಳದಿದ್ದರೆ ಯಾರದೋ ಮನೆಯ ತಂಗಿ ಕೆಲಸಕ್ಕೆ ಬಾರದ ಗುಳಿಗೆ ನುಂಗಬೇಕು. ನಾಲ್ಕನೇ ದಿನ ಸಂಶೋಧಕಿಯ ಮೇಜಿನ ಮುಂದೆ ನಿಂತು ಕಂಡದ್ದನ್ನೆಲ್ಲ ಹೇಳಿದರು. ಔಷಧಿ ಫಲಿಸಿತೆಂಬ ಪ್ರಬಂಧ ಪತ್ರಿಕೆಗೆ ಕಳಿಸಲು ಸಿದ್ಧವಾಗಿತ್ತು.

"ಅಕ್ಕ, ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ ಮೇಡಂ."

ಸಂಶೋಧಕಿ ಪ್ರಬಂಧದ ಹಾಳೆಗಳನ್ನು ಮೇಜಿನ ಡ್ರಾಯರಿಗೆ ಸೇರಿಸಿದರು. ಆಮೇಲೆ, "ಮೊದಲಿಂದ ಮಾಡೋಣ" ಎಂದರು.

ಯಂತ್ರ ಬೇರೆಡೆಗೆ ಹೋಯಿತು, ಪಂಜರಗಳನ್ನು ಎಲ್ಲ ಕಪಾಟುಗಳಿಗೂ ಹಂಚಿದರು. ಐದು ತಿಂಗಳು ಕಳೆಯಿತು. ಈ ಸಲ ಎಲ್ಲ ಇಲಿಗಳೂ ಗೂಡು ಕಟ್ಟಿದವು, ಎಲ್ಲವುಗಳ ಪಾದವೂ ಒಂದೇ ಸಮ ಊದಿತು. ಔಷಧಿ ಏನೂ ಮಾಡಿರಲಿಲ್ಲ.

"ಮುಖ ನೋಡಿ ಹೇಳೋಕಾಗಲಿಲ್ಲ. ಹಿಂದೆ ಕೂತು ಜಡೆ ಹಾಕ್ತಾ ಹೇಳಿದೆ" ಎಂದು ನೆನೆಯುತ್ತಾರೆ. ತಂಗಿ ಕೇಳಿಸಿಕೊಂಡು, "ಹೆದರಿಕೊಂಡೇ ವಾಸಿಯಾಯ್ತಾ? ಹಾಗಾದ್ರೆ ನಂಗೂ ಒಂದು ಹುಲಿ ತಂದು ಬಾಗಿಲಲ್ಲಿ ಕಟ್ಟು" ಎಂದರಂತೆ. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಅತ್ತರು.

ಈಗ ದಾಖಲೆ ಪುಸ್ತಕದಲ್ಲಿ ತೂಕ, ಊತಗಳ ಪಕ್ಕ ಹೊಸದೊಂದು ಕಾಲಂ ಇದೆ: 'ಗೂಡು'. ದಿನವೂ ಅದನ್ನು ತುಂಬುವುದು ಇಲಿಯಕ್ಕ. ಹೋದ ವಾರ ಎರಡನೆಯ ಔಷಧಿಯ ಪ್ರಯೋಗ ಶುರುವಾಗಿದೆ. ಮನೆಯಲ್ಲಿ ಅವರು ಇನ್ನೂ ಏನೂ ಹೇಳಿಲ್ಲ.

"ಈ ಸಲ ಊತ ಇಳಿದ್ರೆ ಅದು ಔಷಧಿಯಿಂದಲೇ ಇಳಿದಿರುತ್ತೆ" ಎನ್ನುತ್ತಾ ಮುಂದಿನ ಪಂಜರ ಎಳೆಯುತ್ತಾರೆ. "ಆ ಗುಳಿಗೆನ ತಂಗಿ ಬಾಯಿಗೆ ಹಾಕೋವಾಗ ನನ್ನ ಕೈ ನಡುಗಲ್ಲ."