ಎರಡು ಕಡೆಗೂ ನನ್ನ ದನಿ

ನಮ್ಮ ಯಜಮಾನರದು ನರಸಿಂಹರಾಜಪುರದಲ್ಲಿ ಆಟೋ ಮತ್ತು ಮೈಕ್‌ಸೆಟ್ಟಿನ ಕೆಲಸ. ಪ್ರಚಾರದ ಮಾತು ಹೇಳಲಿಕ್ಕೆ ಮೊದಲು ಬೇರೆಯವರೊಬ್ಬರು ಬರುತ್ತಿದ್ದರು. ಒಮ್ಮೆ ಅವರಿಗೆ ಗಂಟಲು ಕಟ್ಟಿ ದನಿಯೇ ಹೊರಡದಂತಾಯಿತು. ಮಕ್ಕಳ ಲಸಿಕೆಯ ಪ್ರಚಾರ ಮರುದಿನ ಆಗಲೇಬೇಕಿತ್ತು. "ನೀನೇ ಒಂದು ಸಲ ಓದು ನೋಡುವ, ಮಾರಾಯ್ತಿ" ಎಂದು ಇವರು ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ಕುಕ್ಕರ್ ಇಳಿಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಓದಿದೆ. ಆಮೇಲೆ ನನ್ನ ದನಿಯೇ ಖಾಯಂ ಆಯಿತು. ಹೂವಿನ ಗಿಡದ ಮೇಳ, ಬ್ಯಾಂಕಿನ ಸೂಚನೆ, ನೀರು ಬಾರದ ದಿನ, ಯಾರದೋ ಮನೆಯ ಕಳೆದುಹೋದ ಎಮ್ಮೆ. ಕೊಪ್ಪದ ಪೇಟೆಯಲ್ಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ. ಬೆಂಡೆಕಾಯಿ ಹೇಗೆ ಎಂದು ಕೇಳಿದರೆ ಮಾತ್ರ ಅಂಗಡಿಯವರು ಥಟ್ಟನೆ ತಲೆ ಎತ್ತುತ್ತಾರೆ.

ಕೆಲವು ವರ್ಷಗಳ ಹಿಂದೆ ಶೃಂಗೇರಿಯ ಮೇಲಿನ ಕಾಡಿನ ಹಳ್ಳವೊಂದಕ್ಕೆ ವಿದ್ಯುತ್ ಯೋಜನೆ ಬರುತ್ತದೆ ಎಂದು ಸುದ್ದಿಯಾಯಿತು. ಹಳ್ಳವನ್ನು ಮೇಲೆಯೇ ತಡೆದು, ದೊಡ್ಡ ಕೊಳವೆಯಲ್ಲಿ ಇಳಿಸಿ, ಕೆಳಗೆ ಕರೆಂಟ್ ತೆಗೆಯುವುದಂತೆ. ಬೇಕು ಎನ್ನುವವರು ಒಂದು ಕಡೆಯಾದರು, ಬೇಡ ಎನ್ನುವವರು ಇನ್ನೊಂದು ಕಡೆ. ಮೈಕ್ ಕೇಳಿಕೊಂಡು ಇಬ್ಬರೂ ನಮ್ಮ ಮನೆಗೇ ಬಂದರು.

ಬೇಡ ಎನ್ನುವವರ ಹಾಳೆಯಲ್ಲಿ ಹೀಗಿತ್ತು: "ಹಳ್ಳ ನಮ್ಮದು, ಕರೆಂಟ್ ಇನ್ಯಾರದೋ. ಹಸಿರು ವಿದ್ಯುತ್ ಎನ್ನುತ್ತ ಹಸಿರನ್ನೇ ಕಡಿಯುವ ಸರ್ಕಾರದ ನೀತಿ ಯಾರಿಗಾಗಿ?" ಬೇಕು ಎನ್ನುವವರು ಬರೆದದ್ದು ಹೀಗೆ: "ಕಲ್ಲಿದ್ದಲೂ ಬೇಡ, ಅಣೆಕಟ್ಟೂ ಬೇಡ ಎಂದರೆ ದೇಶ ಕತ್ತಲಲ್ಲಿ ಕೂರಬೇಕೇ? ದಿಲ್ಲಿಯ ನೀತಿಯನ್ನು ನಾಲ್ಕು ಜನ ಪರಿಸರವಾದಿಗಳು ಬರೆಯಬೇಕೇ?"

ಅರೆಮನಸ್ಸಿನಿಂದ ಓದಲಿಕ್ಕೆ ನನಗೆ ಬರುವುದಿಲ್ಲ. ಮೊದಲನೆಯದನ್ನು ಓದುವಾಗ ಎದೆ ತುಂಬಿ ಬಂತು. ಎರಡನೆಯದನ್ನು ಓದುವಾಗಲೂ ಅದರಲ್ಲಿರುವುದು ಹೌದಲ್ಲ ಎನ್ನಿಸಿತು. ಇವರ ಹತ್ತಿರ ಹಾಗೆಂದರೆ ನಕ್ಕರು. "ಅದಕ್ಕೇ ನಿನ್ನ ದನಿ ಕೇಳಿಕೊಂಡು ಬರೋದು ಅವರು."

ನಗಲಾಗದವಳು ನನ್ನ ತಂಗಿ. ಅವಳನ್ನು ಕೊಟ್ಟದ್ದು ಆ ಹಳ್ಳದ ಬದಿಯ ಊರಿಗೇ. ಕಾಡು ದಾಟಿ ಕಂಬ ಹಾಕಲಿಕ್ಕೆ ಒಪ್ಪಿಗೆ ಸಿಗದೆ ಅವರ ನಾಲ್ಕು ಮನೆಗೆ ಕರೆಂಟ್ ಬಂದಿರಲಿಲ್ಲ. ಒಂದು ಸೋಲಾರ್ ದೀಪವಿತ್ತು, ಮಳೆಗಾಲದಲ್ಲಿ ಅದು ಬೆಳಗಿದರೆ ಬೆಳಗಿತು, ಇಲ್ಲದಿದ್ದರೆ ಇಲ್ಲ. ಯೋಜನೆ ಬಂದರೆ ನಿಮಗೂ ಲೈನ್ ಎಳೆಯುತ್ತೇವೆ ಎಂದು ಯಾರೋ ಬಾಯಿಮಾತಿಗೆ ಹೇಳಿ ಹೋಗಿದ್ದರಂತೆ. ಆಟೋ ಅವರ ಊರಿನ ಕೆಳಗೆ ಹಾದುಹೋದ ದಿನವೇ ಫೋನ್ ಬಂತು.

"ಅಕ್ಕ, ಹಳ್ಳ ಉಳಿಸಿ ಅಂತ ಕೂಗಿದ್ದು ನೀನಲ್ವಾ?"

"ಹೌದು ಕಣೇ. ನಾಡಿದ್ದು ಇನ್ನೊಂದು ಕಡೆಯವರದೂ ಬರ್ತದೆ. ಅದೂ ನಾನೇ."

"ನನ್ನ ಮಗಳು ಸಂಜೆ ಓದೋದು ಹೇಗೆ ಅಂತ ನಿಂಗೆ ಗೊತ್ತುಂಟು. ಗೊತ್ತಿದ್ದೂ ಕೂಗಿದೆಯಲ್ಲ." ಅಷ್ಟು ಹೇಳಿ ಇಟ್ಟಳು. ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಗೌರಿಹಬ್ಬಕ್ಕೆ ಬಾಗಿನ ಕಳಿಸಿದೆ. ತಗೊಂಡಳು, ಮಾತಾಡಲಿಲ್ಲ.

ನನ್ನ ಅತ್ತೆ ಇದನ್ನೆಲ್ಲ ನೋಡುತ್ತಲೇ ಇದ್ದರು. ಅವರು ಹುಟ್ಟಿದ ಊರು ಈಗ ಭದ್ರಾ ಹಿನ್ನೀರಿನ ಅಡಿಯಲ್ಲಿದೆ. ಚಿಕ್ಕ ಹುಡುಗಿಯಾಗಿದ್ದಾಗ ಗಾಡಿಯಲ್ಲಿ ಪಾತ್ರೆಗಳ ಮಧ್ಯೆ ಕೂತು ಬಂದದ್ದು ಅವರಿಗೆ ನೆನಪಿದೆ. ಆದರೆ ಅದನ್ನು ಹೇಳಿ ಅಳುವವರಲ್ಲ. ಮಿಕ್ಸಿ, ಫ್ರಿಜ್ಜು, ಟೀವಿ ಮೂರರ ಮೇಲೂ ಅವರಿಗೆ ಬಹಳ ಪ್ರೀತಿ. ಕರೆಂಟ್ ಹೋದರೆ ಮೊದಲು ಗೊಣಗುವವರು ಅವರೇ.

ಆಮೇಲೆ ಶೃಂಗೇರಿಯ ಹತ್ತಿರ ಒಂದು ಸಭಾಭವನದಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ ಇಟ್ಟರು. ಮೈಕ್ ನಮ್ಮದೇ. "ನಾನೂ ಬರ್ತೇನೆ. ಮೊದಲು ನಿನ್ನ ತಂಗಿ ಮನೆಗೆ ಹೋಗುವ" ಎಂದು ಅತ್ತೆ ಸೀರೆ ಬದಲಿಸಿ ಆಟೋದಲ್ಲಿ ಕೂತೇಬಿಟ್ಟರು. ಬಾಳೆಹೊನ್ನೂರಿನಲ್ಲಿ ಚಾ ಕುಡಿಯಲಿಕ್ಕೆ ಇಳಿದದ್ದು ಬಿಟ್ಟರೆ ದಾರಿಯುದ್ದಕ್ಕೂ ಸ್ಪೀಕರಿಗೆ ಒರಗಿ ನಿದ್ದೆ ಮಾಡಿದರು.

ತಂಗಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ಅತ್ತೆಯನ್ನು ನೋಡಿದವಳೇ ಕೈ ಒರೆಸಿಕೊಂಡು ಓಡಿಬಂದಳು. ಹಳ್ಳದಿಂದ ಮನೆಯ ತನಕ ಕಪ್ಪು ಪೈಪು ಎಳೆದಿದ್ದರು. ಅದರ ನೀರು ಸಣ್ಣ ತೊಟ್ಟಿಗೆ ಬೀಳುತ್ತಲೇ ಇತ್ತು. ಅತ್ತೆ ಒಂದು ತಂಬಿಗೆ ನೀರು ಕುಡಿದು ಕೇಳಿದರು.

"ಹಳ್ಳ ಕೊಳವೆಗೆ ಹೋದ್ರೆ ಈ ಪೈಪಿಗೆ ಎಲ್ಲಿಂದ ನೀರು, ಕೂಸೇ?"

ತಂಗಿ ಪೈಪಿನ ಕಡೆ ನೋಡಿದಳು. "ಅದನ್ನ ಯಾರೂ ಹೇಳ್ಲಿಲ್ಲ ಅಮ್ಮ."

"ನೀನು ಕೇಳಿದ್ಯಾ?"

"ನಾನು ಎಂತ ಕೇಳೋದು? ದೊಡ್ಡವರ ಸಭೆ."

ಅತ್ತೆ ಅವಳ ಕೈ ಹಿಡಿದು ಜಗಲಿಯಲ್ಲಿ ಕೂರಿಸಿಕೊಂಡರು. "ನಮ್ಮ ಊರು ಮುಳುಗುವಾಗ ನನ್ನ ಅವ್ವನ್ನ ಯಾರೂ ಎಂತ ಬೇಕು ಅಂತ ಕೇಳಿರ್ಲಿಲ್ಲ. ಏಳಿ ಅಂದ್ರು, ಎದ್ವಿ. ನಿಂಗೆ ಕೇಳ್ತಾರಂತಲ್ಲ ಇವತ್ತು. ಹೋಗಿ ಹೇಳು. ಕರೆಂಟ್ ಬೇಕಂದ್ರೆ ಬೇಕು ಅನ್ನು, ನಾಚಿಕೆ ಎಂತಕ್ಕೆ?"

ತಂಗಿ ನಮ್ಮ ಜೊತೆ ಹೊರಟಳು. ಆಟೋದಲ್ಲಿ ನನ್ನ ಪಕ್ಕವೇ ಕೂತಳು. ತಿರುವಿನಲ್ಲಿ ವಾಲಿದಾಗ ಅವಳ ಹೆಗಲು ನನಗೆ ತಾಗುತ್ತಿತ್ತು. ಚಿಕ್ಕವರಿದ್ದಾಗ ಒಂದೇ ಕಂಬಳಿಯಲ್ಲಿ ಮಲಗಿದವರು ನಾವು. ಆ ಬಿಸಿಯೇ ನನಗೆ ಸಾಕಾಯಿತು.

ಸಭೆಯಲ್ಲಿ ದೊಡ್ಡ ಮಾತುಗಳೇ ನಡೆದವು. ಪಕ್ಷದವರೊಬ್ಬರು, ಪರಿಸರದ ಹೆಸರಿನಲ್ಲಿ ದೇಶದ ಕಾರ್ಖಾನೆಗಳನ್ನು ನಿಲ್ಲಿಸುವ ಹುನ್ನಾರ ಇದು ಎಂದರು. ಬೆಂಗಳೂರಿನಿಂದ ಬಂದಿದ್ದ ಒಬ್ಬರು, ಕಾಡು ಹೋದರೆ ಮಳೆ ಹೋಗುತ್ತದೆ, ಮಳೆ ಹೋದ ಮೇಲೆ ಯಾವ ಅಣೆಕಟ್ಟು ತುಂಬುತ್ತದೆ ಎಂದು ಕೇಳಿದರು. ಒಬ್ಬರಿಗೆ ಒಂದು ಕಡೆಯಿಂದ ಚಪ್ಪಾಳೆ, ಇನ್ನೊಬ್ಬರಿಗೆ ಇನ್ನೊಂದು ಕಡೆಯಿಂದ. ಊರಿನವರು ಯಾರಾದರೂ ಮಾತಾಡುವುದಿದೆಯೇ ಎಂದು ಅಧಿಕಾರಿಗಳು ಕೇಳಿದಾಗ ಅತ್ತೆ ತಂಗಿಯ ಬೆನ್ನಿಗೆ ಮೆಲ್ಲಗೆ ತಟ್ಟಿದರು.

ತಂಗಿ ಮೈಕಿನ ಮುಂದೆ ಹೋಗಿ ನಿಂತಳು. ಬಾಯಿ ತೆರೆದಳು, ದನಿ ಬರಲಿಲ್ಲ. ಹಿಂದಿನಿಂದ ಯಾರೋ ನಕ್ಕರು. ಅವಳು ತಿರುಗಿ ಸಭೆಯಲ್ಲೆಲ್ಲ ನನ್ನನ್ನು ಹುಡುಕಿದಳು.

"ಅಕ್ಕ, ಬಾ."

ಹೋಗಿ ಪಕ್ಕದಲ್ಲಿ ನಿಂತೆ. ಅವಳು ನನ್ನ ಕಿವಿಯಲ್ಲಿ ಹೇಳುತ್ತ ಹೋದಳು. ನಾನು ಒಂದು ಮಾತೂ ಸೇರಿಸದೆ, ಒಂದನ್ನೂ ಬಿಡದೆ ಮೈಕಿನಲ್ಲಿ ಹೇಳುತ್ತ ಹೋದೆ.

"ನಮಗೆ ಕರೆಂಟ್ ಬೇಕು. ಬೇಡ ಅನ್ನೋರು ಒಂದು ಮಳೆಗಾಲ ನಮ್ಮ ಮನೇಲಿ ಬಂದು ಇರಿ. ನಮಗೆ ಹಳ್ಳಾನೂ ಬೇಕು, ಕುಡಿಯೋದು ಅದನ್ನೇ. ಬೇಕು ಅನ್ನೋರು ನಮ್ಮ ಪೈಪಿಗೆ ನೀರು ಎಲ್ಲಿಂದ ಅಂತ ಹೇಳಿ. ದೇಶಕ್ಕೆ ಕೊಡ್ಲಿಕ್ಕೆ ನಾವು ಇಲ್ಲ ಅನ್ನಲ್ಲ. ಹೋಗೋ ದಾರೀಲಿ ನಮ್ಮ ಮನೆಗೊಂದು ತಂತಿ ಕೊಟ್ಟು ಹೋಗ್ಲಿಕ್ಕೆ ಎಂತ ಕಷ್ಟ?"

ಎಷ್ಟೋ ವರ್ಷದಿಂದ ಯಾರ್‍ಯಾರದೋ ಮಾತು ಓದಿದ್ದೇನೆ. ಕೊನೆಯ ಮಾತಿಗೆ ಬರುವಾಗ ನನ್ನ ದನಿ ಒಡೆದದ್ದು ಅದೊಂದೇ ಸಲ. ಚಪ್ಪಾಳೆ ಯಾವ ಕಡೆಯಿಂದಲೂ ಬರಲಿಲ್ಲ. ಯಾರು ತಟ್ಟಬೇಕೆಂದು ಅವರಿಗೇ ತಿಳಿಯಲಿಲ್ಲವೋ ಏನೋ. ಅಧಿಕಾರಿಗಳು ಬರೆದುಕೊಂಡರು. ಹೊರಗೆ ಬಂದ ಮೇಲೆ ತಂಗಿ ನನ್ನ ಭುಜಕ್ಕೆ ಹಣೆ ಇಟ್ಟು ಅತ್ತಳು. "ನಿನ್ನ ಮೇಲೆ ಸಿಟ್ಟು ಇನ್ನೂ ಸ್ವಲ್ಪ ಉಂಟು" ಎಂದಳು. "ಇರ್ಲಿ" ಎಂದೆ.

ಯೋಜನೆ ಇವತ್ತಿಗೂ ಆಗಿಲ್ಲ, ರದ್ದೂ ಆಗಿಲ್ಲ. ದಿಲ್ಲಿಯಲ್ಲಿದೆ ಎನ್ನುತ್ತಾರೆ ಕೆಲವರು, ಬೆಂಗಳೂರಿನಲ್ಲಿದೆ ಎನ್ನುತ್ತಾರೆ ಇನ್ನು ಕೆಲವರು. ಆದರೆ ಕಳೆದ ವರ್ಷ ತಂಗಿಯ ಊರಿಗೆ ರಸ್ತೆ ಬದಿಯಲ್ಲೇ ಮರ ಕಡಿಯದೆ, ರಬ್ಬರ್ ಹೊದಿಸಿದ ಕೇಬಲ್ ಎಳೆದು ಕರೆಂಟ್ ಕೊಟ್ಟರು. ಅದು ಆ ಸಭೆಯಿಂದ ಆಯಿತೋ, ತನ್ನಷ್ಟಕ್ಕೆ ಆಯಿತೋ ನನಗೆ ಗೊತ್ತಿಲ್ಲ. ನಮ್ಮ ಹೋರಾಟದ ಫಲ ಎಂದು ಒಂದು ಕಡೆಯವರು ಬಂದರು, ನಮ್ಮ ಒತ್ತಾಯದ ಫಲ ಎಂದು ಇನ್ನೊಂದು ಕಡೆಯವರೂ ಬಂದರು. ಇಬ್ಬರ ಧನ್ಯವಾದವನ್ನೂ ನಾನೇ ಓದಿದೆ. ಇವರು ರೆಕಾರ್ಡ್ ಮಾಡುತ್ತ ನಗು ತಡೆಯಲಾರದೆ ಮೂರು ಸಲ ನಿಲ್ಲಿಸಿದರು.

ದೀಪಾವಳಿಗೆ ತಂಗಿಯ ಮನೆಯಲ್ಲಿ ಸೇರಿದ್ದೆವು. ತಂಗಿ ಈಗ ಪೂರ್ತಿ ಹಳ್ಳದ ಕಡೆ. "ಕೊಳವೆ ಹಾಕ್ಲಿಕ್ಕೆ ಬರ್ಲಿ, ಅಡ್ಡ ಮಲಗ್ತೇನೆ" ಎಂದಳು.

"ನಿಂಗೆ ಕರೆಂಟ್ ಬಂತಲ್ಲ, ಇನ್ನು ಹೇಳ್ತಿ" ಎಂದೆ ನಾನು. "ಇನ್ನೂ ಬಾರದವರು ಎಷ್ಟು ಜನ ಇದ್ದಾರೆ? ಅವರಿಗೆ ಎಲ್ಲಿಂದ ತರೋದು?"

"ಬಿಸಿಲಿಂದ ತರ್ಲಿ."

"ಆಷಾಢದಲ್ಲಿ?"

ತಂಗಿಯ ಮಗಳು ಅಮ್ಮನ ಪಕ್ಷ ಹಿಡಿದಳು, ಇವರು ನನ್ನ ಪಕ್ಷ. ಅತ್ತೆ ಯಾರ ಪಕ್ಷವನ್ನೂ ಹಿಡಿಯದೆ, ತಂಗಿ ಹೊಸ ಮಿಕ್ಸಿಯಲ್ಲಿ ರುಬ್ಬಿದ ಚಟ್ನಿಯನ್ನು ಇನ್ನೊಂದು ಸಲ ಬಡಿಸಿಕೊಂಡರು.

"ಸ್ವಲ್ಪ ಉಪ್ಪು ಕಡಿಮೆಯಾಗಿದೆ ಮಾರಾಯ್ತಿ" ಎಂದರು.